ಕಂಬದ ಪಕ್ಕದ ಕಂಬಳಿ

"ಈ ಕಂಬಳಿ ನನ್ನ ಮಗಂದಲ್ಲ."

ಗೊಲ್ಲಾಳಮ್ಮ ಅದನ್ನು ಮುಟ್ಟಲೂ ಇಲ್ಲ. ಜೈಲಿನ ಗೇಟಿನ ಕಟ್ಟೆಯ ಮೇಲೆ ಕಾವಲಿನವನು ಬಿಚ್ಚಿಟ್ಟ ಗಂಟಿನಲ್ಲಿ ಒಂದು ಅಂಗಿ, ಹಲ್ಲುಜ್ಜುವ ಬ್ರಷ್ಷು, ತಿಂಥಣಿ ಮೌನೇಶ್ವರನ ಅಂಗೈಯಗಲದ ಪಟ, ಎಲ್ಲಕ್ಕೂ ಕೆಳಗೆ ಮಡಚಿದ ಕರಿಕಂಬಳಿ. ಮಗ ಸಾಬಣ್ಣ ಇಪ್ಪತ್ತರ ಹರೆಯದಲ್ಲಿ ಬಿಟ್ಟುಹೋದ ಸಂಸಾರ ಇಷ್ಟೇ.

ಇದನ್ನೇ ಹೊದ್ದು ಮಲಗಿದ್ದ, ತಗೊಂಡು ಹೋಗು ಎಂದು ಕಾವಲಿನವನು ಎರಡು ಸಲ ಹೇಳಿದ. ಅವಳ ಬೆನ್ನಿಗೆ ಕೈದಿಗಳನ್ನು ಕಾಣಲು ಮುಲಾಕಾತಿಗೆ ಬಂದವರ ಸಾಲು ಬೆಳೆಯುತ್ತಿತ್ತು. ಯಾರದೋ ಕೂಸು ಅಳುತ್ತಿತ್ತು.

"ಹೊದ್ದಿರಬೇಕಪ್ಪ. ನಾ ಕೊಟ್ಟಿದ್ದು ಕೌದಿ. ಅವರಪ್ಪನ ಧೋತರ, ನನ್ನ ಮದಿವಿ ಸೀರಿ ಕೂಡಿಸಿ ಹೊಲಿದದ್ದು. ಅದೆಲ್ಲೈತಿ ತಂದು ಕೊಡು. ಸತ್ತವರ ಮೈಮ್ಯಾಲಿದ್ದ ಮಂದಿ ವಸ್ತು ನಾವು ಮನಿಗೆ ಒಯ್ಯಂಗಿಲ್ಲ."

ಪಕ್ಕದಲ್ಲಿ ನಿಂತಿದ್ದ ಶಾಂಭವಿ ಕಂಬಳಿಯನ್ನೇ ನೋಡುತ್ತ ಉಳಿದಳು. ಅವಳು ಕಾನೂನು ನೆರವಿನ ವಕೀಲೆ. ಶಹಾಪುರದಿಂದ ಈ ಗೇಟಿಗೆ ಓಡಾಡಿ ಅವಳ ಕರಿಕೋಟಿಗೆ ರಸ್ತೆಯ ಬಣ್ಣವೇ ಬಂದಿತ್ತು. ಸಾಬಣ್ಣ ಜ್ವರದಿಂದ ಸತ್ತನೆಂದು ಜೈಲು ಬರೆದು ಮುಗಿಸಿತ್ತು. ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕರಿ ಉಣ್ಣೆಯ ಎಳೆಯನ್ನು ಶವಾಗಾರದಲ್ಲಿ ಅವಳೊಬ್ಬಳೇ ಕಂಡಿದ್ದಳು.

ಕುರಿ ಕಾಯುವ ಮನೆಯ ಹುಡುಗ, ಅವನ ಹತ್ತಿರ ಕಂಬಳಿ ಇರುವುದು ಸಹಜವೆಂದುಕೊಂಡು ಅವಳು ಇಷ್ಟು ದಿನ ಆ ಎಳೆಯನ್ನು ಅವನದೇ ಹೊದಿಕೆಗೆ ಗಂಟುಹಾಕಿದ್ದಳು. ಅದನ್ನು ಅವನ ಬಾಯಿಗೊತ್ತಿದ ವೈರಿ ಯಾರೆಂದು ಹುಡುಕಿದ್ದಳು. ಮುದನಾಳದ ಆ ಹುಡುಗನಿಗೆ ವೈರಿಗಳೇ ಸಿಕ್ಕಿರಲಿಲ್ಲ.

"ಹಂಗಾದ್ರ ಈ ಕಂಬಳಿ ಯಾರದಪ್ಪ?"

ಕಾವಲಿನವನು ತಲೆ ಕೆರೆದುಕೊಂಡ. "ಇದು ಆ ಟ್ರ್ಯಾಕ್ಟರ್ ಡ್ರೈವರಂದಲ್ರಿ ಮೇಡಂ? ಖಾಜಾಹುಸೇನಂದು. ಇವತ್ತು ನೀವು ಬಿಡಿಸಿಕೊಂಡು ಹೊಂಟೀರಲ್ಲ, ಅಂವಂದು."

ಗೇಟಿನ ಗೋಡೆಗೆ ಒಂದು ಹಲಗೆ ತೂಗುಬಿದ್ದಿತ್ತು. ಈ ಜೈಲಿನಲ್ಲಿ ಎಷ್ಟು ಜನ ಇರಬೇಕು ಎಂಬುದನ್ನು ಬಿಳಿ ಬಣ್ಣದಲ್ಲಿ ಖಾಯಮ್ಮಾಗಿ ಬರೆದಿತ್ತು. ಎಷ್ಟು ಜನ ಇದ್ದಾರೆ ಎಂಬುದನ್ನು ಸುಣ್ಣದ ಕಡ್ಡಿಯಲ್ಲಿ ದಿನವೂ ತಿದ್ದಿ ಬರೆಯುತ್ತಿದ್ದರು. ಮೊದಲನೆಯದರ ಎರಡು ಪಟ್ಟನ್ನು ಎರಡನೆಯದು ಯಾವಾಗಲೋ ದಾಟಿತ್ತು. ಸಾಬಣ್ಣ ಸತ್ತ ದಿನ ಒಂದು ಕಡಿಮೆಯಾಗಿತ್ತು. ಮರುದಿನ ಬೆಳಿಗ್ಗೆ ವ್ಯಾನು ಬಂದು ಅದನ್ನು ತುಂಬಿ ಮತ್ತೂ ಮೇಲೇರಿಸಿತ್ತು.

ಗೊಲ್ಲಾಳಮ್ಮ ಗಂಟಿನಿಂದ ಮೌನೇಶ್ವರನ ಪಟವನ್ನಷ್ಟೇ ತೆಗೆದು ಸೆರಗಿಗೆ ಕಟ್ಟಿಕೊಂಡು ಬೇವಿನ ನೆರಳಿಗೆ ಹೋಗಿ ಕೂತಳು. ಕೌದಿ ಬರುವವರೆಗೆ ತಾನು ಏಳುವವಳಲ್ಲ ಎನ್ನುವುದು ಅವಳು ಕೂತ ರೀತಿಯಲ್ಲೇ ಇತ್ತು.

*

ಮುಲಾಕಾತಿನ ಜಾಲರಿಯ ಆಚೆ ಖಾಜಾಹುಸೇನ ನಗುತ್ತಲೇ ಬಂದ. ಗಡ್ಡ ಒಪ್ಪ ಮಾಡಿಕೊಂಡಿದ್ದ, ಒಗೆದ ಅಂಗಿ ಹಾಕಿದ್ದ. ಹೋದ ಬೇಸಿಗೆಯಲ್ಲಿ ಒಳಗೆ ಬಂದವನು. ಮಳೆಗಾಲದಲ್ಲೇ ಅವನಿಗೆ ಜಾಮೀನು ಮಂಜೂರಾಗಿತ್ತು. ಆದರೆ ಅವನ ಪರವಾಗಿ ಜಮೀನು ತೋರಿಸಿ ಸಹಿ ಹಾಕುವ ಒಬ್ಬ ಮನುಷ್ಯ ಸಿಗದೆ ಜೋಳ ಬಿತ್ತುವ ಕಾಲವೂ ಹೋಗಿ ಹತ್ತಿ ಬಿಡಿಸುವ ಕಾಲ ಬಂದಿತ್ತು. ಒಳಗಿದ್ದವರಲ್ಲಿ ಅರ್ಧಕ್ಕರ್ಧ ಜನರ ಕತೆ ಹೀಗೇ. ಅವರು ಮಾಡಿದ ತಪ್ಪು ಯಾವುದೆಂದು ಕೋರ್ಟು ಇನ್ನೂ ಹೇಳಿರಲಿಲ್ಲ; ಅವರಿಗಾಗಿ ಸಹಿ ಹಾಕುವವರು ಯಾರೂ ಇಲ್ಲ ಎನ್ನುವುದೊಂದು ಮಾತ್ರ ಗಟ್ಟಿಯಾಗಿತ್ತು.

ಖಾಜಾನ ಮೇಲಿನ ಕೇಸು ಮರಳು ಕಳವಿನದು. ಆದರೆ ಅದರ ಕೆಳಗೆ ಇನ್ನೊಂದು ಕೇಸು ಹೂತುಹೋಗಿತ್ತು. ಅವನ ಟ್ರ್ಯಾಕ್ಟರಿಗೆ ತುಂಬುತ್ತಿದ್ದ ದಿನ ಹೊಳೆದಂಡೆಯ ಮರಳಗುಂಡಿ ಕುಸಿದು ಒಬ್ಬ ಕೂಲಿಯವನು ಒಳಗೇ ಉಳಿದಿದ್ದ. ಹೆಣ ತೆಗೆಯಲಿಲ್ಲ, ದೂರಾಗಲಿಲ್ಲ. ನಂಬರಿಲ್ಲದ ಟ್ರ್ಯಾಕ್ಟರು ಯಾರದು ಎಂದು ಕೇಳಿದಾಗ ಖಾಜಾ ನಂದೇ ಎಂದು ಒಪ್ಪಿಕೊಂಡು ಒಳಗೆ ಬಂದಿದ್ದ. ಟ್ರ್ಯಾಕ್ಟರಿನ ನಿಜವಾದ ಧಣಿಯ ಹೆಸರನ್ನು ಹೊಟ್ಟೆಯೊಳಗಿಟ್ಟುಕೊಂಡಿದ್ದ. ಧಣಿ ಇನ್ನೂ ಬಿಡಿಸಿಕೊಳ್ಳದಿದ್ದರೆ ಆ ಹೆಸರನ್ನು ಜಡ್ಜ್ ಸಾಹೇಬರ ಮುಂದೆ ಹೇಳಿಬಿಡುತ್ತೇನೆ ಎಂದು ಸಾಬಣ್ಣ ಸಾಯುವ ಹಿಂದಿನ ವಾರ ಖಾಜಾ ಇದೇ ಜಾಲರಿಯ ಆಚೆ ನಿಂತು ಗಟ್ಟಿಯಾಗಿ ಹೇಳಿದ್ದ. ಆಗ ಅವನ ಹಿಂದೆ ನೀರಿನ ಕೊಡ ಇಳಿಸುತ್ತಿದ್ದವರು, ಕಸ ಹೊಡೆಯುತ್ತಿದ್ದವರು ಯಾರ್ಯಾರೆಂದು ಶಾಂಭವಿ ನೋಡಿರಲಿಲ್ಲ.

"ನಿನ್ನ ಕಂಬಳಿ ಸಾಬಣ್ಣನ ಮೈಮ್ಯಾಲ ಹ್ಯಾಂಗ ಬಂತು ಖಾಜಾ?"

ಅವನ ನಗು ಇಳಿಯಿತು. ಹೇಳಿದ್ದು ಇಷ್ಟು. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರನ್ನೂ ಬ್ಯಾರಕ್ಕಿಗೆ ತಳ್ಳಿ ಬೀಗ ಹಾಕುತ್ತಾರೆ. ಆ ಬ್ಯಾರಕ್ಕು ನಿಜಾಮರ ಕಾಲದ ಹತ್ತಿ ಗೋದಾಮು. ಎಲ್ಲರೂ ಒಮ್ಮೆಗೇ ಮಲಗುವಷ್ಟು ನೆಲ ಇಲ್ಲ. ಅದಕ್ಕೇ ಪಾಳಿ. ಮೊದಲ ಪಾಳಿಯವರು ಮಲಗಿದಾಗ ಎರಡನೇ ಪಾಳಿಯವರು ಗೋಡೆಗೆ ಬೆನ್ನು ಹಚ್ಚಿ ಮೊಣಕಾಲು ತಬ್ಬಿ ಕೂಡಬೇಕು. ಮಲಗಿದವರಲ್ಲೂ ಒಬ್ಬ ಮಗ್ಗಲು ಬದಲಿಸಿದರೆ ಇಡೀ ಸಾಲು ಬದಲಿಸಬೇಕು. ಖಾಜಾನದು ಮೊದಲ ಪಾಳಿ, ಕಂಬದ ಪಕ್ಕದ ಜಾಗ. ಸಾಬಣ್ಣನದು ಎರಡನೇ ಪಾಳಿ.

ಆ ದಿನ ಖಾಜಾ ಕಂಬಳಿ ಹೊದ್ದು ಮಲಗಿ ಸ್ವಲ್ಪ ಹೊತ್ತಾಗಿತ್ತು. ಅಷ್ಟರಲ್ಲಿ ವಿಡಿಯೊ ಕೋಣೆಗೆ ಕರೆ ಬಂತು. ಈಗ ತಾರೀಖಿಗೆ ಕೋರ್ಟಿನತನಕ ಯಾರು ಕರೆದೊಯ್ಯುತ್ತಾರೆ, ಕೋರ್ಟೇ ಟಿವಿಯೊಳಗೆ ಬರುತ್ತದೆ. ಎದ್ದವನ ಕಣ್ಣಿಗೆ ಗೋಡೆಗೆ ಒರಗಿ ಗಡಗಡ ನಡುಗುತ್ತಿದ್ದ ಸಾಬಣ್ಣ ಬಿದ್ದ.

"ಬಾ ಇಲ್ಲಿ ಮಲಕೋ, ಕಂಬಳಿ ತುಂಬ ಹೊದ್ದುಕೋ, ಬೆವರು ಬಿಟ್ರ ಜ್ವರ ಇಳಿತದ ಅಂದೆ ಅಕ್ಕಾ. ತಲಿತನಕ ನಾನೇ ಹೊದಿಸಿದೆ. ಕೂತಿದ್ದವರೆಲ್ಲಾ ಚ್ಯಾಷ್ಟಿ ಮಾಡಿದ್ರು, ಖಾಜಾ ಬಾಣಂತಿ ಆರೈಕಿ ಮಾಡಾಕತ್ತಾನ ನೋಡ್ರೋ ಅಂತ. ತಿರುಗಿ ಬಂದು ನೋಡ್ತೀನಿ, ಹಂಗೇ ಮಲಗಿದ್ದ. ನಿದ್ದಿ ಹತ್ತೇತಿ ಬಿಡು ಅಂತ ಎಬ್ಬಿಸಲಿಲ್ಲ."

ಕಂಬಳಿ ಎಲ್ಲಿಯದು ಎಂದು ಶಾಂಭವಿ ಕೇಳಿದಳು. ಹಜರಾಬೀ ತಂದದ್ದು ಎಂದ. ಗಂಡನಿಗೆ ಚಳಿಯಾದೀತೆಂದು ಹೆಂಡತಿ ತಂದ ಹೊದಿಕೆ, ಅದರಲ್ಲಿ ಕೇಳುವುದೇನಿತ್ತು?

ಆದರೂ ಅವಳು ಧಣಿಯ ಹೆಸರು ಕೇಳಿದಳು. ಈಗಲೇ, ಇಲ್ಲೇ ಹೇಳು ಎಂದಳು.

"ಈಗ್ಯಾಕ ಅಕ್ಕಾ. ಸಂಜಿಕ ಮನಿಗೆ ಬರ್ತೀನಿ, ನಿಮ್ಮ ಮುಂದ ಕುಂತು ಚಾ ಕುಡ್ಕೊಂತ ಎಲ್ಲಾ ಹೇಳ್ತೀನಿ. ನನಗ ಸಹಿ ಹಾಕಿದವರು ಯಾರಂತ ನೀವಿನ್ನಾ ಹೇಳೇ ಇಲ್ಲ."

"ಶಹಾಪುರದ ಕಿರಾಣಿ ಅಂಗಡಿ ಮಹೇಶಕುಮಾರ. ಈ ಜೈಲಿಗೆ ಬೇಳಿ ಅಕ್ಕಿ ಹಾಕ್ತಾರಲ್ಲ, ಅವರು. ನಾ ಎಷ್ಟೋ ಮಂದಿಗೆ ಕೈಮುಗಿದೆ. ಇವರು ತಾವಾಗೇ ಬಂದು ಒಪ್ಪಿಕೊಂಡ್ರು."

ಖಾಜಾ ಜಾಲರಿಯ ತಂತಿಯನ್ನು ಉಗುರಿನಿಂದ ಮೀಟಿದ. ಆಮೇಲೆ ಅವನ ಮುಖ ಮತ್ತೆ ಅರಳಿತು.

"ಹಂಗಾದ್ರ ನೆನಪಿಟ್ಟಾರ," ಎಂದ.

ಹಜರಾಬೀಗೆ ಆಗಾಗ ದಿನಸಿ ಕೊಟ್ಟು ಕಳಿಸುವ ಒಳ್ಳೆಯ ವ್ಯಾಪಾರಿ ಆತ. ಶಾಂಭವಿ ಆ ಮಾತನ್ನು ಉಪಕಾರದ ಮಾತೆಂದೇ ತಿಳಿದಳು.

*

ಜಾಲರಿಯಿಂದ ಜೈಲರ್ ಕೋಣೆಗೆ ಒಂದು ಅಂಗಳ ದಾಟಬೇಕು. ಹೊರಗಿನ ರಸ್ತೆಯಲ್ಲಿ ಹತ್ತಿಯ ಲಾರಿಗಳು ಹೋಗಿ ಹೋಗಿ ಅಂಗಳದ ಮುಳ್ಳುತಂತಿಗೆಲ್ಲ ಬಿಳಿ ಕುಚ್ಚು ಸಿಕ್ಕಿಕೊಂಡಿದ್ದವು. ಮುಳ್ಳಿಗೆ ಹೂ ಬಿಟ್ಟಂತೆ.

ಗುರುಮಠಕಲ್ಲಿನ ಅಜ್ಜಿ ಹೇಳುತ್ತಿದ್ದ ಕತೆಯೊಂದು ಶಾಂಭವಿಯ ತಲೆಯೊಳಗೆ ಹೊರಳಿ ಎದ್ದು ಕೂತಿತು. ಮಲತಾಯಿಯೊಬ್ಬಳು ಮಲಮಗನ ತಲೆಗೆ ಪ್ರೀತಿಯಿಂದ ಕೆಂಪು ರುಮಾಲು ಸುತ್ತಿ ಅಡವಿಗೆ ಕಳಿಸುತ್ತಾಳೆ. ಅಡವಿಯ ರಾಕ್ಷಸಿಗೆ ಮೊದಲೇ ಹೇಳಿಟ್ಟಿರುತ್ತಾಳೆ, ಕೆಂಪು ರುಮಾಲಿನವನು ನಿನ್ನ ಪಾಲು ಎಂದು. ದಾರಿಯಲ್ಲಿ ಅವಳ ಸ್ವಂತ ಮಗನಿಗೆ ತಲೆನೋವು ಬರುತ್ತದೆ. ಅಣ್ಣ ಮರುಗಿ ತನ್ನ ರುಮಾಲು ಬಿಚ್ಚಿ ತಮ್ಮನಿಗೆ ಕಟ್ಟುತ್ತಾನೆ. ಅಜ್ಜಿ ಯಾವಾಗಲೂ ಅಲ್ಲಿಗೆ ನಿಲ್ಲಿಸಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಮುಂದಿನದನ್ನು ನೀನೇ ಹೇಳು ಎನ್ನುತ್ತಿದ್ದಳು.

ಮುಂದಿನದು ಈಗ ಅವಳಿಗೆ ಗೊತ್ತಾಯಿತು. ಸಾಬಣ್ಣನಿಗೆ ವೈರಿಗಳಿರಲಿಲ್ಲ, ಯಾಕೆಂದರೆ ಯಾರೂ ಸಾಬಣ್ಣನನ್ನು ಕೊಂದಿರಲಿಲ್ಲ. ಅವರು ಕಂಬಳಿಯನ್ನು ಕೊಂದಿದ್ದರು. ಕಂಬದ ಪಕ್ಕದಲ್ಲಿ ಮಲಗಿದವನು ಖಾಜಾಹುಸೇನನೆಂದೇ ತಿಳಿದು ಕೊಂದಿದ್ದರು. ಕೊಂದವನು ಇನ್ನೂ ಒಳಗೇ ಇದ್ದ, ಖಾಜಾನೂ ಇನ್ನೂ ಒಳಗೇ ಇದ್ದ. ಮಧ್ಯಾಹ್ನದ ಬೀಗ ಹಾಕುವ ಹೊತ್ತು ಹತ್ತಿರ ಬರುತ್ತಿತ್ತು.

ಇದನ್ನು ಯೋಚಿಸುತ್ತ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ದಣಿವಾಯಿತು. ಎಲ್ಲಾದರೂ ಕೂತುಬಿಡಬೇಕೆನ್ನಿಸಿತು. ಕೂಡಲಿಲ್ಲ.

ಜೈಲರ್ ಚನ್ನಯ್ಯ ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ. ಮೇಜಿನ ಮೇಲೆ ಮೊಳಕೈ ಊರಿ, ಕಣ್ಣಿಗೆ ಒದ್ದೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ. ಬೆಳಿಗ್ಗೆ ಒಂದಿಷ್ಟು ಜನರನ್ನು ದೊಡ್ಡ ಜೈಲಿಗೆ ಕಳಿಸಲು ಕೇಳಿದ್ದನಂತೆ, ನಮ್ಮಲ್ಲೇ ಕಾಲಿಡಲು ಜಾಗವಿಲ್ಲ, ನಿಮ್ಮ ಕಡೆ ಒಂದಿಷ್ಟು ಕಳಿಸಲೇ ಎಂದು ಅವರೇ ತಿರುಗಿ ಕೇಳಿದರಂತೆ.

"ರಾಜ್ಯದಾಗ ಎಲ್ಲಾ ಕಡಿ ಹಿಂಗೇ ಐತಿ ಮೇಡಂ. ಶಿಕ್ಷಾ ಆಗಿ ಬಂದವ್ರು ಬೆರಳೆಣಿಕಿ. ಉಳಿದವ್ರೆಲ್ಲ ಬಸ್ ಸ್ಟ್ಯಾಂಡಿನಾಗ ಕೂತಂಗ ಕೂತಾರ, ಬಸ್ ಮಾತ್ರ ಬರವಲ್ದು. ನಾ ಜೈಲರ್ ಅಲ್ಲ, ಕಂಟ್ರೋಲರ್."

ಶಾಂಭವಿ ಕಂಬಳಿಯ ಮಾತು ಹೇಳಿದಳು. ಚನ್ನಯ್ಯ ಕರವಸ್ತ್ರ ತೆಗೆದ. ಕೊಲೆ ಎಂಬ ಶಬ್ದವನ್ನು ಅವನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಶಬ್ದ ಮೇಜಿನ ಮೇಲೆ ಇಬ್ಬರ ನಡುವೆ ಇತ್ತು.

ಖಾಜಾನನ್ನು ಇನ್ನೊಮ್ಮೆ ಬ್ಯಾರಕ್ಕಿಗೆ ಕಳಿಸಬೇಡಿ ಎಂದು ಅವಳು ಬೇಡಿಕೊಂಡಳು. ಬಿಡುಗಡೆಯ ಆದೇಶ ಬಂದಾಗಿತ್ತು. ಸಾಮಾನ್ಯವಾಗಿ ಸಂಜೆಯ ಎಣಿಕೆಯ ನಂತರ ಬಿಡುತ್ತಿದ್ದರು. ಅಷ್ಟು ಹೊತ್ತು ಕಾಯಬೇಡಿ, ಈಗಿಂದೀಗ ಗೇಟಿನಾಚೆ ಕಳಿಸಿ ಎಂದಳು. ಮಹೇಶಕುಮಾರನಿಗೆ ತಾನೇ ಫೋನು ಹಚ್ಚಿದಳು. ಆತ ಸುರಪುರದ ರಸ್ತೆಯಲ್ಲೇ ಇದ್ದ. ಕಾರು ತಗೊಂಡು ಈಗಲೇ ಬರುತ್ತೇನೆ, ನೀವೇನೂ ಚಿಂತೆ ಮಾಡಬೇಡಿ ಮೇಡಂ ಎಂದ.

"ಇನ್ನೊಂದು ಮಾತು ಸಾಹೇಬ್ರ. ಸಾಬಣ್ಣನ ಕೌದಿ ಯಾರ ಹತ್ರ ಐತಿ?"

ಚನ್ನಯ್ಯ ಹೊರಗೆ ಕೂಗಿ ವಿಚಾರಿಸಿದ. ಉತ್ತರ ಬರಲು ಹೊತ್ತಾಗಲಿಲ್ಲ. ಕೌದಿ ಬಸವಂತ್ರಾಯನ ಹತ್ತಿರ ಇತ್ತು.

*

ಬಸವಂತ್ರಾಯ ಬ್ಯಾರಕ್ಕಿನ ಹಿರಿಯ. ಯಾರು ಎಲ್ಲಿ ಮಲಗಬೇಕು, ಯಾವ ಪಾಳಿ ಎಂದು ಹೇಳುವವನು ಅವನೇ. ದಿನಸಿಯ ಗಾಡಿ ಬಂದರೆ ಚೀಲ ಇಳಿಸುವವನೂ, ಮುಲಾಕಾತಿನ ಹೊತ್ತಿಗೆ ನೀರು ತುಂಬುವವನೂ ಅವನೇ. ಊರ ಜಗಳದಲ್ಲಿ ಒಬ್ಬ ಸತ್ತ ಕೇಸಿನಲ್ಲಿ ಬಂದು ಎಷ್ಟೋ ವರ್ಷವಾಗಿತ್ತು. ಸಾಕ್ಷಿಗಳು ಬರಲಿಲ್ಲ, ತೀರ್ಪೂ ಬರಲಿಲ್ಲ. ಜಾಮೀನಿತ್ತು. ಸಹಿ ಹಾಕುವವರು ಇರಲಿಲ್ಲ.

ಸಾಬಣ್ಣನನ್ನು ಅವನು ಮಗನಂತೆ ನೋಡಿಕೊಂಡಿದ್ದ. ತನ್ನ ಪಾಲಿನ ಚಹಾ ಕೊಡುತ್ತಿದ್ದ. ಹೆಣ ಹೊರಗೊಯ್ದ ದಿನ ಬ್ಯಾರಕ್ಕಿನಲ್ಲಿ ದನಿ ತೆಗೆದು ಅತ್ತವನು ಅವನೊಬ್ಬನೇ. ಹೀಗಾಗಿ ಶಾಂಭವಿಯ ಅನುಮಾನ ಇಷ್ಟು ದಿನ ಎಲ್ಲ ಕಡೆ ಸುತ್ತಿದ್ದರೂ ಅವನ ಹತ್ತಿರ ಸುಳಿದಿರಲಿಲ್ಲ.

ಅವನು ಕೌದಿಯನ್ನು ಎದೆಗವಚಿಕೊಂಡು ಬಂದು ಜೈಲರ್ ಕೋಣೆಯ ನೆಲದ ಮೇಲೆ ಕೂತ. ಕುರ್ಚಿಗೆ ಕೂಡ್ರಿ ಎಂದರೂ ಕೂಡಲಿಲ್ಲ. ಖಾಜಾನ ಬಿಡುಗಡೆಯ ಕಾಗದಕ್ಕೆ ಸಹಿ ಮಾಡಲು ಚನ್ನಯ್ಯ ಹೊರಗೆ ಹೋದ. ಬಾಗಿಲಲ್ಲಿ ಒಬ್ಬ ಕಾವಲಿನವನು ನಿಂತ.

"ಲಗೂ ಮಾಡ್ರಿ ಸಾಹೇಬ್ರ," ಎಂದು ಶಾಂಭವಿ ಹಿಂದಿನಿಂದ ಹೇಳಿದಳು.

ಆಮೇಲೆ ಕೌದಿಯ ಕಡೆ ನೋಡಿದಳು. ಬಿಳಿ ಧೋತರದ ತುಂಡು, ಹಸಿರು ಸೀರೆಯ ತುಂಡು, ಮೇಲೆ ಇರುವೆ ಸಾಲಿನಂಥ ಹೊಲಿಗೆ.

"ಇದನ್ನ ಹೊಲಿದ ತಾಯಿ ಹೊರಗ ಕುಂತಾಳ ಕಾಕಾ."

"ಗೊತ್ತೈತಿ. ಕಿಟಕಿಯಿಂದ ನೋಡಿದೆ."

"ಆ ದಿನ ಮಧ್ಯಾಹ್ನ ನೀವೇನು ನೋಡಿದ್ರಿ?"

"ನಾ ಏನೂ ನೋಡಿಲ್ಲ ತಂಗೆವ್ವ. ನಂದು ಮೊದಲನೇ ಪಾಳಿ. ಉಂಡ ಕೂಡ್ಲೆ ಮಲಕೊಂಡೆ. ನಿದ್ದಿ ಹತ್ತಿಬಿಡ್ತು. ಪಾಳಿ ಬದಲಿ ಅಂತ ಕೂಗಿದಾಗ ಎದ್ದೆ. ಹುಡುಗ ಏಳಲಿಲ್ಲ."

ಇದೇ ಮಾತನ್ನು ಅವನು ಮೊದಲ ದಿನವೂ ಹೇಳಿದ್ದ. ಆಗ ಅದು ನಿರಪರಾಧಿಯ ಮಾತಾಗಿ ಕೇಳಿಸಿತ್ತು. ಅದೇ ಮಾತು, ಅದೇ ದನಿ. ಈಗ ಬೇರೆಯಾಗಿ ಕೇಳಿಸಿತು.

"ನೀವು ಮಲಗುವಾಗ ಮಗ್ಗಲಿಗೆ ಯಾರಿದ್ರು?"

"ಖಾಜಾ."

"ಕಂಬಳಿ ಹೊದ್ದಿದ್ದ?"

"ಹೊದ್ದಿದ್ದ."

"ಅಂವ ನಡುವ ಎದ್ದು ಹೋದದ್ದು ನಿಮಗ ಗೊತ್ತಾಯ್ತೇನು?"

ಬಸವಂತ್ರಾಯ ಕೌದಿಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ.

ಶಾಂಭವಿಯ ದನಿ ಏರಲಿಲ್ಲ. ಏರಿಸುವಷ್ಟು ಕಸುವು ಅವಳಲ್ಲಿರಲೂ ಇಲ್ಲ.

"ಗೋಡೆಗೆ ಕೂತಿದ್ದ ಎರಡನೇ ಪಾಳಿಯವ್ರು ಒಬ್ರೂ ಬಿಡದಂಗ ನೋಡ್ಯಾರ ಕಾಕಾ. ಖಾಜಾ ಎದ್ದ, ಜ್ವರ ಬಂದ ಹುಡುಗನ್ನ ಕರೆದು ಮಲಗಿಸಿದ, ಕಂಬಳಿ ಹೊದಿಸಿದ. ಚ್ಯಾಷ್ಟಿನೂ ಮಾಡ್ಯಾರ. ಎಚ್ಚರ ಇದ್ದ ಯಾರೂ ಆ ಕಂಬಳಿ ಕೆಳಗಿದ್ದದ್ದು ಖಾಜಾ ಅಂತ ತಿಳ್ಕೊಳ್ಳಾಕ ಸಾಧ್ಯ ಇಲ್ಲ. ಹಂಗ ತಿಳ್ಕೊಂಡಾಂವ ನಿದ್ದಿಯೊಳಗಿದ್ದಾಂವ. ಆ ಜಾಗದ ಒಂದು ಮಗ್ಗಲಿಗೆ ಕಂಬ ಐತಿ. ಇನ್ನೊಂದು ಮಗ್ಗಲಿಗೆ ನೀವು."

ಬಾಗಿಲಲ್ಲಿದ್ದ ಕಾವಲಿನವನು ಕಾಲು ಬದಲಿಸಿದ. ಹೊರಗೆ ಎಲ್ಲೋ ಬೋಲ್ಟು ಸರಿಯಿತು, ಮತ್ತೆ ಬಿತ್ತು.

ಬಸವಂತ್ರಾಯ ಬಹಳ ಹೊತ್ತು ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿದ. ಚಳಿಗೆ ಒಬ್ಬರನ್ನೊಬ್ಬರು ತಬ್ಬಿ ಮಲಗುವುದು ಆ ಗೋದಾಮಿನಲ್ಲಿ ಹೊಸದಲ್ಲ. ಅವನು ಮಗ್ಗಲು ಬದಲಿಸಿ ಕಂಬಳಿಯ ಮೇಲೆ ಕೈ ಹಾಕಿದಾಗ ಯಾರೂ ತಿರುಗಿ ನೋಡಿರಲಿಲ್ಲ. ಇದನ್ನೆಲ್ಲ ಅವನು ನೆಲಕ್ಕೆ ಹೇಳುವಂತೆ, ತುಂಡು ತುಂಡಾಗಿ ಹೇಳಿದ.

"ಕೈ ತೆಗದೆ. ಕಂಬಳಿ ಜಾರಿತು. ಮಾರಿ ಕಾಣಿಸ್ತು. ಹಣಿ ಮುಟ್ಟಿದೆ ತಂಗೆವ್ವ. ಇನ್ನಾ ಬಿಸಿ ಇತ್ತು. ಜ್ವರ ಇಳಿದಿದ್ದಿಲ್ಲ."

ಶಾಂಭವಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊರಗೆ ಬೇವಿನ ಕೆಳಗೆ ಕೂತ ತಾಯಿಯ ನೆನಪಾಗಿ ಕಣ್ಣು ಉರಿಯಿತು.

"ಯಾಕ ಕಾಕಾ? ಖಾಜಾ ನಿಮಗೇನು ಮಾಡಿದ್ದ?"

"ಅಂವ ಏನು ಮಾಡ್ಯಾನ ಪಾಪ. ನನಗೊಂದು ಜಾಮೀನು ಬೇಕಾಗಿತ್ತು. ಕೊಡಿಸ್ತೀನಿ ಅಂತ ಮಾತು ಕೊಟ್ಟಿದ್ರು. ಅಂವ ಬಾಯಿ ಬಿಡೋದ್ರೊಳಗ ಮುಗಿಸು, ತಿಂಗಳೊಳಗ ನಿನಗ ಸಹಿ ಹಾಕ್ತೀನಿ ಅಂತ." ಅವನು ತಲೆ ಎತ್ತಿದ. "ಹೊರಗ ಹೋದ್ರ ನನಗ್ಯಾರೂ ಇಲ್ಲ, ನೀವು ಕೇಳೂದಕ್ಕಿಂತ ಮೊದ್ಲೇ ಹೇಳ್ತೀನಿ. ಒಂದು ದಿನ, ಒಂದೇ ದಿನ, ಕಾಲು ಚಾಚಿ ಮಲಗಬೇಕು ಅನಿಸಿತ್ತು. ಯಾರ ಮೈಗೂ ತಾಗದಂಗ."

ಮಾತು ಕೊಟ್ಟವರು ಯಾರು ಎಂದು ಅವಳು ಕೇಳಿದಳು. ಅವನು ಒಲ್ಲೆನೆಂದು ತಲೆಯಾಡಿಸಿದ. ಇನ್ನೂ ಆ ಸ್ವಲ್ಪ ಆಸೆ ಅವನಲ್ಲಿ ಉಳಿದಿತ್ತು. ಅದು ಅವನ ಮುಖದಲ್ಲಿ ಕಾಣುತ್ತಿತ್ತು, ನೋಡಲು ಕಷ್ಟವಾಗುತ್ತಿತ್ತು. ಹುಡುಗ ಸತ್ತಿದ್ದ, ಕೆಲಸ ತಪ್ಪಿತ್ತು, ಆದರೂ ಕೊಟ್ಟ ಮಾತು ಮಾತೇ ಅಲ್ಲವೇ ಎಂದು ಅವನು ಒಳಗೊಳಗೇ ಕಾಯುತ್ತಿದ್ದ.

"ಹೇಳದಿದ್ರ ಬಿಡ್ರಿ," ಶಾಂಭವಿ ಎದ್ದಳು. "ಆ ಮನುಷ್ಯಾನ ಹೆಸರು ಸಂಜಿಕ ಖಾಜಾನೇ ಹೇಳ್ತಾನ. ಅಂವ ಈಗ ಹೊರಗ ಹೊಂಟಾನ. ಇನ್ನ ನಿಮ್ಮ ಕೈಗೂ ಸಿಗಂಗಿಲ್ಲ, ಯಾರ ಕೈಗೂ ಸಿಗಂಗಿಲ್ಲ."

"ಹೊಂಟಾನ?" ಬಸವಂತ್ರಾಯನಿಗೆ ಅರ್ಥವಾಗಲಿಲ್ಲ. "ಹ್ಯಾಂಗ? ಅಂವಗ ಸಹಿ ಹಾಕೋರು ಯಾರೂ ಇದ್ದಿಲ್ಲಲ್ಲ."

"ಈಗ ಸಿಕ್ಕಾರ. ಶಹಾಪುರದ ಮಹೇಶಕುಮಾರ."

ಕೌದಿ ಅವನ ತೊಡೆಯಿಂದ ನೆಲಕ್ಕೆ ಜಾರಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಮುಖದಲ್ಲಿ ಉಳಿದಿದ್ದ ಆ ಸ್ವಲ್ಪವೂ ಆರಿಹೋಯಿತು. ಸಂತೆ ಮುಗಿದ ಮೇಲಿನ ಬಯಲಿನಂತೆ ಆಯಿತು ಅವನ ಮುಖ.

"ಆ ಜಾಮೀನು ನನಗ ಬರಬೇಕಾಗಿತ್ತು, ತಂಗೆವ್ವ," ಎಂದ.

*

ಶಾಂಭವಿ ಅಂಗಳ ಹೇಗೆ ದಾಟಿದಳೋ ಅವಳಿಗೇ ತಿಳಿಯಲಿಲ್ಲ. ಕೈಯಲ್ಲಿ ಕೌದಿ ಇತ್ತು. ಯಾವಾಗ ಎತ್ತಿಕೊಂಡಳೋ ಅದೂ ಗೊತ್ತಿಲ್ಲ.

ಗೇಟಿನ ಹಲಗೆಯ ಮೇಲೆ ಸುಣ್ಣದ ಅಂಕಿಯನ್ನು ಒರೆಸಿ ಒಂದು ಕಡಿಮೆ ಮಾಡಿ ಬರೆದಾಗಿತ್ತು.

"ಖಾಜಾ ಎಲ್ಲಿ?"

ಕಾವಲಿನವನು ಬೆರಳಿನ ಸುಣ್ಣ ಉಜ್ಜಿಕೊಂಡ. ಆಗಲೇ ಹೋದನಲ್ಲ ಮೇಡಂ ಎಂದ. ಸಾಹುಕಾರರು ತಾವೇ ಕಾರು ತಂದಿದ್ದರು, ಬಾಗಿಲು ತೆಗೆದು ಮುಂದಿನ ಸೀಟಿನಲ್ಲೇ ಕೂಡಿಸಿಕೊಂಡರು, ಇಬ್ಬರೂ ನಗುನಗುತ್ತ ಹೋದರು. ಬೇಗ ಬಿಡಿಸಿ ಪುಣ್ಯ ಕಟ್ಟಿಕೊಂಡರೆಂದು ಮೇಡಂಗೆ ಹೇಳು ಎಂದರು.

ಅವಳು ಶಹಾಪುರದ ಕಡೆಯ ರಸ್ತೆ ನೋಡಿದಳು. ಆ ಕಡೆಯಿಂದ ಬಂದ ಟಂಟಂ ಒಂದು ಗೇಟಿನೆದುರು ನಿಂತಿತು. ಹಜರಾಬೀ ಇಳಿದಳು. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ, ಕಣ್ಣಿಗೆ ತೆಳ್ಳಗೆ ಸುರ್ಮಾ. ಸಂಜೆಗೆ ಬಾ ಎಂದು ಮಹೇಶಣ್ಣ ಹೇಳಿದ್ದರು, ಮನಸು ತಡೆಯದೆ ಮೊದಲೇ ಬಂದೆ ಎಂದು ನಾಚಿಕೊಂಡಳು. ನಾಚುತ್ತಲೇ ಅವಳ ಕಣ್ಣು ಕಟ್ಟೆಯ ಮೇಲೆ ಅನಾಥವಾಗಿ ಬಿದ್ದಿದ್ದ ಕರಿಕಂಬಳಿಗೆ ಹೋಯಿತು.

"ಇದ್ಯಾಕ ಇಲ್ಲೈತಿ ಅಕ್ಕಾ? ಒಯ್ಯೂದು ಮರೆತು ಹೋದ್ರೇನು? ಮಹೇಶಣ್ಣ ನಮ್ಮವರ ಸಲುವಾಗೇ ಕೊಟ್ಟದ್ದು. ಮತ್ತ್ಯಾರಿಗೂ ಕೊಡಬ್ಯಾಡ, ನೀನೇ ಹೊದ್ದುಕೋ ಅಂತ ಹೇಳು ಅಂದಿದ್ರು."

ಬೇವಿನ ಕೆಳಗಿಂದ ಗೊಲ್ಲಾಳಮ್ಮ ಎದ್ದು ಬಂದಳು. ಮಾತಿಲ್ಲದೆ ಶಾಂಭವಿಯ ಕೈಯಿಂದ ಕೌದಿ ತೆಗೆದುಕೊಂಡು ಮೂಗಿಗೆ ಹಿಡಿದಳು.

ಶಾಂಭವಿ ಒಂದು ಕೈಯಲ್ಲಿ ಸ್ಕೂಟಿಯ ಚಾವಿ ಹುಡುಕುತ್ತ ಇನ್ನೊಂದು ಕೈಯಲ್ಲಿ ಖಾಜಾನ ಹಳೆಯ ನಂಬರಿಗೆ ಫೋನು ಹಚ್ಚಿದಳು. ಹಜರಾಬೀಯ ಚೀಲದೊಳಗಿಂದ ಅದರ ಗಂಟೆ ಕೇಳಿಸಿತು. ಗಂಡನಿಗೆ ಕೊಡಲೆಂದು ಚಾರ್ಜು ಮಾಡಿ ತಂದಿದ್ದಳು.

"ಕಾರು ಯಾವ ಕಡಿ ಹೋತು?"

"ಸುರಪುರದ ಕಡಿ ಹೋತ್ರಿ." ಕಾವಲಿನವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಜೈಲಿನಿಂದ ಹೊರಬಿದ್ದವರು ಹೊಳೆಯಲ್ಲಿ ಮಿಂದು ಮನೆ ಸೇರುವುದು ಈ ಸೀಮೆಯಲ್ಲಿ ಇದ್ದದ್ದೇ. "ತಿಂಥಣಿಯೊಳಗ ಮುಳುಗು ಹಾಕಿಸಿ, ಮೌನಪ್ಪಗ ಕಾಯಿ ಒಡಿಸಿ, ಆಮ್ಯಾಲ ಮನಿಗೆ ಬಿಡ್ತೀನಿ ಅಂದ್ರು. ಸಾಹುಕಾರ್ರು ಚ್ಯಾಷ್ಟಿನೂ ಮಾಡಿದ್ರು, ಹೊಳಿ ತುಂಬೈತಿ ಖಾಜಾ, ನಿನಗ ಈಜು ಬರ್ತದಿಲ್ಲೋ ಅಂತ."

ಹಜರಾಬೀ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಅವರಿಗೆಲ್ಲಿ ಬರ್ತದ? ಮಳಿ ನೀರು ನಿಂತಿದ್ರ ದಾಟಾಕ ಅಂಜ್ತಾರ."